ಈ ಮೇಲ್ ನನಗ್ಯಾಕೆ ಬಂತು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಮಡಿಕೇರಿಯ ನನ್ನ ಮೇಜಿಗೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಆಫೀಸಿನ ಟಿಕೆಟ್ ಸಾಫ್ಟ್‌ವೇರ್ ಕಳಿಸುವ ಮೇಲ್. ಕೆಲವರಿಗೆ ಅದು ವಿಪರೀತ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ, ಒಬ್ಬರಿಗಂತೂ ತಾವು ಕಳಿಸಿದ್ದೇ ತಿರುಗುಬಾಣವಾಗಿದೆ. ಬೆಂಗಳೂರು, ಮೈಸೂರಿನ ಕೆಲಸವನ್ನು ತೋಟದ ಮನೆಯಿಂದಲೇ ಮಾಡುವವರು ಈಗ ನಮ್ಮಲ್ಲಿ ಊರಿಗೆ ಒಬ್ಬಿಬ್ಬರಾದರೂ ಇದ್ದಾರಲ್ವಾ, ಅದಕ್ಕೇ ಇರಬೇಕು. ಇನ್ವರ್ಟರ್ ಬ್ಯಾಟರಿ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಇದೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಇಶ್ಯೂ ಟ್ರ್ಯಾಕರ್ ಅಂದರೆ ಕೆಲಸ ಮತ್ತು ದೂರುಗಳ ರಿಜಿಸ್ಟರ್. ಪ್ರತಿ ದೂರಿಗೂ ಒಂದು ನಂಬರ್ ಇರುತ್ತದೆ, ಟಿಕೆಟ್, ಇಶ್ಯೂ, ಬಗ್ ಅಂತೆಲ್ಲ ಕರೆಯುವುದು ಆ ದೂರನ್ನೇ. ಯಾರು ಹೇಳಿದರು, ಯಾರು ಸರಿ ಮಾಡಬೇಕು, ಎಲ್ಲಿಗೆ ಬಂತು ಅಂತೆಲ್ಲ ಅದರಲ್ಲಿ ಬರೆದಿರುತ್ತದೆ. ಜಿರಾ, ರೆಡ್‌ಮೈನ್, ಬಗ್‌ಝಿಲ್ಲಾ, ಗಿಟ್‌ಹಬ್ ಎಲ್ಲವೂ ಈ ಜಾತಿಯವೇ. ರಿಜಿಸ್ಟರಿನಲ್ಲಿ ಒಂದು ಅಕ್ಷರ ಬದಲಾದರೂ ಅದು ಯಾರಿಗೋ ಒಂದು ಮೇಲ್ ಹಾಕುತ್ತದೆ. ತಕರಾರು ಇರುವುದು ಆ 'ಯಾರಿಗೋ' ಅನ್ನುವುದರಲ್ಲೇ.

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಎದ್ದರೆ ಜಿರಾದಿಂದ ನೂರೈವತ್ತು ಮೇಲ್ ಬಿದ್ದಿರುತ್ತವೆ. ನನಗೆ ಸಂಬಂಧಪಟ್ಟಿದ್ದು ಹತ್ತೂ ಇರುವುದಿಲ್ಲ. ಬೇಜಾರಾಗಿ ಒಂದು ದಿನ ಎಲ್ಲವನ್ನೂ ಡಿಲೀಟ್ ಮಾಡಿದೆ, ಅವತ್ತೇ ಮುಖ್ಯವಾದದ್ದೊಂದು ತಪ್ಪಿಹೋಗಿ ಬೈಸಿಕೊಂಡೆ. ಏನು ಮಾಡಲಿ? (ಗೋಣಿಕೊಪ್ಪದ ಓದುಗರು)

ಉತ್ತರ: ಎಲ್ಲರೂ ಮಾಡುವುದು ಅದನ್ನೇ, ಬೇಜಾರು ಬೇಡ. ಮೊದಲು ಈ ಮೇಲ್ ಯಾವ ಲೆಕ್ಕದಲ್ಲಿ ಬರುತ್ತದೆ ಅಂತ ನೋಡೋಣ.

ತೋಟದ ಮಾತಿನಲ್ಲೇ ಹೇಳುತ್ತೇನೆ. ಫೆಬ್ರವರಿ ಕೊನೆ, ಹೂಮಳೆಯ ಸುಳಿವಿಲ್ಲ, ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು, ಅಷ್ಟರಲ್ಲಿ ಕೆರೆಯ ಪಂಪ್ ಕೆಟ್ಟಿತು ಅಂದುಕೊಳ್ಳಿ. ಮೊದಲು ನೋಡಿದ್ದು ಲೈನ್ ಮನೆಯ ಹುಡುಗ, ಅವನು ಬಂದು ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿದ. ರೈಟರು ಮೆಕ್ಯಾನಿಕ್‌ಗೆ ಒಪ್ಪಿಸಿದರು. ಮೈಸೂರಿನಲ್ಲಿರುವ ಯಜಮಾನರು 'ಏನಾಯ್ತು ಅಂತ ಹೇಳ್ತಾ ಇರಿ' ಅಂದರು. ಅದೇ ಕೆರೆಯ ನೀರಿಗೆ ಕಾಯುತ್ತಿರುವ ಪಕ್ಕದ ತೋಟದವರೂ ಕಿವಿ ಕೊಟ್ಟಿದ್ದಾರೆ. ಟ್ರ್ಯಾಕರ್ ಭಾಷೆಯಲ್ಲಿ ಆ ಹುಡುಗ ರಿಪೋರ್ಟರ್, ಮೆಕ್ಯಾನಿಕ್ ಅಸೈನೀ, ಯಜಮಾನರೂ ಪಕ್ಕದವರೂ ವಾಚರ್‌ಗಳು. 'ಬೇರಿಂಗ್ ಹೋಗಿದೆ' ಅಂತ ಮೆಕ್ಯಾನಿಕ್ ಬರೆದ ತಕ್ಷಣ ಸಾಫ್ಟ್‌ವೇರ್ ಒಂದು ಪಟ್ಟಿ ಮಾಡುತ್ತದೆ. ಈ ಟಿಕೆಟ್ ಜೊತೆ ಯಾರ್‍ಯಾರಿಗೆ ನಂಟಿದೆ? ಒಬ್ಬರೇ ಎರಡು ಕಡೆ ಬಂದಿದ್ದರೆ ಒಂದು ಹೆಸರು ತೆಗೆಯುತ್ತದೆ. ಟಿಕೆಟ್ ನೋಡುವ ಹಕ್ಕೇ ಇಲ್ಲದವರನ್ನು ಬಿಡುತ್ತದೆ. ಬರೆದವನಿಗೆ ಅವನದೇ ಮಾತು ಯಾಕೆ ಅಂತ ಸಾಮಾನ್ಯವಾಗಿ ಅವನನ್ನೂ ಬಿಡುತ್ತದೆ. ಉಳಿದವರಿಗೆ ಮೇಲ್.

ಅಂದರೆ ಮೇಲ್ ಜಾಸ್ತಿ ಬರುತ್ತಿದೆ ಅಂದರೆ ನಿಮ್ಮ ನಂಟು ಜಾಸ್ತಿಯಾಗಿದೆ ಅಂತ. ಎಷ್ಟೋ ನಂಟು ನೀವು ಕೇಳಿ ಪಡೆದದ್ದಲ್ಲ. ಜಿರಾದಲ್ಲಿ ಆಟೋವಾಚ್ ಅಂತ ಒಂದು ಆಯ್ಕೆ ಇದೆ. ಅದು ಆನ್ ಇದ್ದರೆ, ಯಾವುದೋ ಟಿಕೆಟ್‌ಗೆ ಸುಮ್ನೆ 'ಸರಿ' ಅಂತ ಒಂದು ಕಮೆಂಟ್ ಹಾಕಿದರೂ ಸಾಕು, ನೀವು ಅದಕ್ಕೆ ವಾಚರ್ ಆಗಿಬಿಡುತ್ತೀರಿ. ಆಮೇಲೆ ಆ ಟಿಕೆಟ್ ಕ್ಲೋಸ್ ಆಗುವವರೆಗೆ, ಎಷ್ಟೋ ಸಲ ಆದ ಮೇಲೂ, ಮೇಲ್ ಬರುತ್ತಲೇ ಇರುತ್ತದೆ. ನಿಮ್ಮ ನೂರೈವತ್ತರಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬಂದಿರುತ್ತದೆ ಅಂತ ನನ್ನ ಅಂದಾಜು. ನಿಮ್ಮ ಪ್ರೊಫೈಲ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ. ಹಳೆಯ ಟಿಕೆಟ್‌ಗಳಲ್ಲಿ ಕಣ್ಣಿನ ಚಿತ್ರ ಒತ್ತಿ ವಾಚ್ ತೆಗೆಯಿರಿ.

ಎರಡನೆಯದು ನಿಮ್ಮ ಕೈಯಲ್ಲಿಲ್ಲ. ಜಿರಾದಲ್ಲಿ ಪ್ರತಿ ಪ್ರಾಜೆಕ್ಟ್‌ಗೂ ನೋಟಿಫಿಕೇಶನ್ ಸ್ಕೀಮ್ ಅಂತ ಒಂದು ಇರುತ್ತದೆ. ಯಾವ ಘಟನೆಗೆ ಯಾರಿಗೆ ಮೇಲ್ ಅನ್ನುವ ಪಟ್ಟಿ ಅದು, ಸಾಫ್ಟ್‌ವೇರ್ ನೋಡಿಕೊಳ್ಳುವ ಅಡ್ಮಿನ್ ಮಾತ್ರ ಬದಲಾಯಿಸಬಹುದು. ಪುಣ್ಯಾತ್ಮರು ಯಾರೋ ಒಮ್ಮೆ 'ಎಲ್ಲರಿಗೂ ಗೊತ್ತಿರಲಿ' ಅಂತ ಇಡೀ ಗುಂಪನ್ನೇ ಅದರಲ್ಲಿ ಸೇರಿಸಿರುತ್ತಾರೆ, ಸೇರಿಸಿದವರು ಕೆಲಸ ಬಿಟ್ಟು ಹೋದರೂ ಪಟ್ಟಿ ಹಾಗೇ ಇರುತ್ತದೆ. ಅಡ್ಮಿನ್ ಹತ್ತಿರ 'ಜಾಸ್ತಿ ಮೇಲ್ ಬರ್ತಿದೆ' ಅಂತ ಗೋಳಾಡಿದರೆ ಅವರು ಏನು ಮಾಡಬೇಕು ಪಾಪ? ಒಂದು ಟಿಕೆಟ್ ನಂಬರ್ ಕೊಟ್ಟು, 'ಈ ಮೇಲ್ ನನಗೆ ಯಾಕೆ ಬಂತು ಅಂತ ನೋಟಿಫಿಕೇಶನ್ ಹೆಲ್ಪರ್‌ನಲ್ಲಿ ನೋಡಿ ಹೇಳ್ತೀರಾ?' ಅಂತ ಕೇಳಿ. ಆ ಹೆಸರಿನ ಸಲಕರಣೆ ಜಿರಾದಲ್ಲೇ ಇದೆ. ಹೆಸರು, ಟಿಕೆಟ್, ಘಟನೆ ಮೂರನ್ನು ಕೊಟ್ಟರೆ ಮೇಲ್ ಹೋಗುತ್ತದೋ ಇಲ್ಲವೋ, ಯಾವ ಕಾರಣಕ್ಕೆ ಅಂತ ಹೇಳುತ್ತದೆ. ಇದು ಇದೆ ಅಂತ ಗೊತ್ತಿಲ್ಲದ ಅಡ್ಮಿನ್‌ಗಳನ್ನು ನಾನೇ ನೋಡಿದ್ದೇನೆ.

ಇನ್ನೊಂದು ಅನುಮಾನ. ನೂರೈವತ್ತರಲ್ಲಿ ನೂರು ಮೇಲ್ ಒಂದೇ ನಿಮಿಷದಲ್ಲಿ ಬಂದಿವೆಯಾ ನೋಡಿ. ಬಂದಿದ್ದರೆ ಯಾರೋ ಒಟ್ಟಿಗೆ ನೂರು ಟಿಕೆಟ್ ಬದಲಾಯಿಸಿರಬಹುದು. ಹಾಗೆ ಒಟ್ಟಾಗಿ ಬದಲಾಯಿಸುವಾಗ 'ಈ ಬದಲಾವಣೆಗೆ ಮೇಲ್ ಕಳಿಸು' ಅನ್ನುವ ಒಂದು ಚೌಕ ಇರುತ್ತದೆ. ಅದರ ಟಿಕ್ ತೆಗೆಯಲು ಮರೆತರೆ ಇಡೀ ಟೀಮಿನ ಇನ್‌ಬಾಕ್ಸ್‌ನಲ್ಲಿ ಪ್ರವಾಹ. ಒಂದೇ ಟಿಕೆಟ್‌ನ ಸಣ್ಣಪುಟ್ಟ ತಿದ್ದುಪಡಿಗಳನ್ನಾದರೆ ಜಿರಾ ಡೇಟಾ ಸೆಂಟರ್ ಆವೃತ್ತಿ (ಕಂಪನಿ ತಾನೇ ನಡೆಸುವ ಜಿರಾ) ಸುಮಾರು 10 ನಿಮಿಷ ಹಿಡಿದಿಟ್ಟುಕೊಂಡು ಒಂದೇ ಮೇಲ್ ಮಾಡಿ ಕಳಿಸುತ್ತದೆ. ನೂರು ಬೇರೆ ಬೇರೆ ಟಿಕೆಟ್‌ಗೆ ಅದು ಏನೂ ಮಾಡಲಾರದು.

ಫಿಲ್ಟರ್ ಹಾಕುವುದು ಇಷ್ಟೆಲ್ಲ ಆದ ಮೇಲೆ. ಎಲ್ಲರೂ ಮೊದಲೇ ಫಿಲ್ಟರ್ ಹಾಕಿ, ಜಿರಾ ಅಂತ ಒಂದು ಫೋಲ್ಡರ್ ಮಾಡಿ, ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅದೂ ಡಿಲೀಟ್ ಮಾಡಿದ ಹಾಗೇ ಅಲ್ವಾ? ಹಾಕುವುದೇ ಆದರೆ ಕಾರಣ ನೋಡಿ ಹಾಕಿ. ಗಿಟ್‌ಹಬ್ ಮೇಲ್‌ನ ಅಡಿಯಲ್ಲಿ 'ನಿಮ್ಮ ಹೆಸರು ಎತ್ತಿದ್ದಾರೆ, ಅದಕ್ಕೆ ಬಂತು' ಅನ್ನುವಂಥ ಒಂದು ಸಾಲು ಇರುತ್ತದೆ. ಬಗ್‌ಝಿಲ್ಲಾದಲ್ಲೂ 'ನೀವು ಈ ಬಗ್‌ನ ಅಸೈನೀ' ಅಂತ ಕೆಳಗೆ ಬರೆದಿರುತ್ತದೆ. ಅದೇ ಕಾರಣ ಮೇಲ್‌ನ ಹೆಡರ್‌ನಲ್ಲೂ, ಅಂದರೆ ಸಾಮಾನ್ಯವಾಗಿ ಕಣ್ಣಿಗೆ ಕಾಣದ ತಲೆಬರಹದಲ್ಲೂ, ಅಡಗಿರುತ್ತದೆ: ಎಕ್ಸ್-ಬಗ್‌ಝಿಲ್ಲಾ-ರೀಸನ್, ಎಕ್ಸ್-ಗಿಟ್‌ಹಬ್-ರೀಸನ್. ಥಂಡರ್‌ಬರ್ಡ್ ತರಹದ ಮೇಲ್ ಪ್ರೋಗ್ರಾಂ ಈ ಹೆಡರ್ ಓದಿ ವಿಂಗಡಿಸಬಲ್ಲದು. ಅಸೈನೀ ಅಂತ ಬಂದದ್ದು ಇನ್‌ಬಾಕ್ಸ್‌ನಲ್ಲೇ ಇರಲಿ, ವಾಚರ್ ಅಂತ ಬಂದದ್ದು ಪಕ್ಕಕ್ಕೆ ಹೋಗಲಿ.

ಬಗ್‌ಝಿಲ್ಲಾದ ಮಾತು ಬಂತು, ಹಾಗಾಗಿ ಒಂದು ಹೊಗಳಿಕೆ. 1998ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಟೆರಿ ವೈಸ್‌ಮನ್ ಬರೆದದ್ದು ಅದು, ನೋಡಲು ಹಳೇ ಸರ್ಕಾರಿ ಫಾರಂ ಹಾಗಿದೆ. ಆದರೆ ಅದರ ಮೇಲ್ ಸೆಟ್ಟಿಂಗ್ಸ್‌ನಷ್ಟು ಪ್ರಾಮಾಣಿಕವಾದದ್ದು ನಾನು ಬೇರೆ ಕಡೆ ಕಂಡಿಲ್ಲ. ಒಂದು ಬದಿ ನಿಮ್ಮ ಪಾತ್ರಗಳು, ಇನ್ನೊಂದು ಬದಿ ಘಟನೆಗಳು, ನಡುವೆ ಟಿಕ್ ಹಾಕುವ ಮನೆಗಳು. ನಾನು ರಿಪೋರ್ಟರ್ ಆಗಿದ್ದರೆ ಕಮೆಂಟ್‌ಗೆ ಮೇಲ್ ಬೇಡ, ಕ್ಲೋಸ್ ಆದರೆ ಮಾತ್ರ ಬೇಕು ಅಂತ ಅಷ್ಟು ನಿಖರವಾಗಿ ಹೇಳಬಹುದು.

ಪ್ರಶ್ನೆ: ನಮ್ಮದು ಕಾಫಿ ಹಣ್ಣು ಸುಲಿಯುವ ಪಲ್ಪರ್, ಮೋಟರ್ ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪ್. ಗಿರಾಕಿಗಳ ದೂರು ಬರೆದಿಡಲು ತಂಗಿಯ ಮಗ ಅಂಗಡಿಯ ಕಂಪ್ಯೂಟರಿನಲ್ಲಿ ರೆಡ್‌ಮೈನ್ ಹಾಕಿಕೊಟ್ಟು ವಾಪಸ್ ಹೋದ. ದೂರು ದಾಖಲಾಗುತ್ತದೆ, ಮೇಲ್ ಮಾತ್ರ ಯಾರಿಗೂ ಹೋಗುವುದಿಲ್ಲ. ನಡುವೆ ಒಂದು ವಾರ ಹೋಗುತ್ತಿತ್ತು, ಆಗ ಅದರಲ್ಲಿದ್ದ ಲಿಂಕ್ ಒತ್ತಿದರೆ ಏನೂ ತೆರೆಯುತ್ತಿರಲಿಲ್ಲ. (ಕುಶಾಲನಗರದ ಓದುಗರು)

ಉತ್ತರ: ಲಿಂಕ್‌ನಿಂದ ಶುರು ಮಾಡೋಣ, ಅದು ಸುಲಭ. ಮೇಲ್ ಬರೆಯುವಾಗ ರೆಡ್‌ಮೈನ್‌ಗೆ ತನ್ನ ವಿಳಾಸ ಏನು ಅಂತ ತಾನಾಗಿ ಗೊತ್ತಾಗುವುದಿಲ್ಲ, ನಾವು ಹೇಳಬೇಕು. ಹೇಳದಿದ್ದರೆ ಲೋಕಲ್‌ಹೋಸ್ಟ್ 3000 ಅಂತ ಹಾಕಿಕೊಳ್ಳುತ್ತದೆ. ಲೋಕಲ್‌ಹೋಸ್ಟ್ ಅಂದರೆ 'ಇದೇ ಕಂಪ್ಯೂಟರ್'. ಗಿರಾಕಿ ತನ್ನ ಫೋನಿನಲ್ಲಿ ಅದನ್ನು ಒತ್ತಿದರೆ ಫೋನ್ ತನ್ನೊಳಗೇ ರೆಡ್‌ಮೈನ್ ಹುಡುಕುತ್ತದೆ, ಎಲ್ಲಿಂದ ಸಿಗಬೇಕು? ಅಡ್ಮಿನಿಸ್ಟ್ರೇಶನ್, ಸೆಟ್ಟಿಂಗ್ಸ್, ಜನರಲ್‌ಗೆ ಹೋಗಿ ಹೋಸ್ಟ್ ನೇಮ್ ಸರಿಮಾಡಿ. ಅಂಗಡಿಯ ಹೊರಗಿನಿಂದಲೂ ತೆರೆಯುವ ವಿಳಾಸ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಲಿಂಕ್ ಗಿರಾಕಿಗೆ ಕೆಲಸಕ್ಕೆ ಬರುವುದಿಲ್ಲ, ವಿಷಯವನ್ನು ಮೇಲ್‌ನಲ್ಲೇ ಪೂರ್ತಿ ಬರೆಯುವುದು ಒಳ್ಳೆಯದು.

ಮೇಲ್ ಹೋಗದಿರುವುದಕ್ಕೆ ಕಾರಣ ನಾಲ್ಕಾರು ಇರಬಹುದು, ದಾರಿಯುದ್ದಕ್ಕೂ ನೋಡುತ್ತ ಹೋಗಬೇಕು. ಪೈಪ್‌ಲೈನ್‌ನಲ್ಲಿ ನೀರು ಬರದಿದ್ದರೆ ಕೆರೆಯಿಂದ ಜೆಟ್‌ವರೆಗೆ ನಡೆದು ನೋಡುತ್ತೀರಲ್ಲ, ಹಾಗೇ. ಮೊದಲು ಸೆಟ್ಟಿಂಗ್ಸ್‌ನ ಇಮೇಲ್ ಪುಟದ ಕೆಳಗೆ ಟೆಸ್ಟ್ ಮೇಲ್ ಕಳಿಸುವ ಲಿಂಕ್ ಒತ್ತಿ. ಅದು ಬಂದರೆ ದಾರಿ ಸರಿಯಿದೆ, ತೊಂದರೆ ನಂಟಿನ ಪಟ್ಟಿಯಲ್ಲಿದೆ ಅಂತ ಅರ್ಥ. ರೆಡ್‌ಮೈನ್‌ನಲ್ಲಿ ಪ್ರತಿಯೊಬ್ಬರ ಖಾತೆಯಲ್ಲೂ ಒಂದು ಆಯ್ಕೆ ಇರುತ್ತದೆ. ಎಲ್ಲ ಪ್ರಾಜೆಕ್ಟ್‌ನ ಎಲ್ಲವೂ ಬೇಕೇ, ನಾನು ವಾಚ್ ಮಾಡುವ ಅಥವಾ ನನ್ನ ಪಾತ್ರ ಇರುವವು ಮಾತ್ರ ಸಾಕೇ, ಏನೂ ಬೇಡವೇ ಅಂತ. ಸಾಮಾನ್ಯವಾಗಿ ಮಧ್ಯದ್ದು ಇರುತ್ತದೆ. ದೂರನ್ನು ನೀವೇ ಬರೆದು, ಯಾರಿಗೂ ಅಸೈನ್ ಮಾಡದೆ, ಯಾರನ್ನೂ ವಾಚರ್ ಮಾಡದೆ ಬಿಟ್ಟರೆ ಅದು ಯಾರಿಗೆ ತಾನೇ ಹೇಳಬೇಕು?

ಟೆಸ್ಟ್ ಮೇಲೇ ಬರದಿದ್ದರೆ ಕೆಟ್ಟಿರುವುದು ದಾರಿ. ರೆಡ್‌ಮೈನ್ ಸ್ವತಃ ಅಂಚೆ ಕಚೇರಿಯಲ್ಲ, ಬರೆದು ಕೊಡುತ್ತದೆ ಅಷ್ಟೇ, ಒಯ್ಯಲು ಎಸ್‌ಎಂಟಿಪಿ ಸರ್ವರ್, ಅಂದರೆ ಮೇಲ್ ಸಾಗಿಸುವ ಕಂಪ್ಯೂಟರ್ ಬೇಕು. ಅದರ ವಿವರ ಕಾನ್ಫಿಗರೇಶನ್ ಡಾಟ್ ವೈಎಂಎಲ್ ಅನ್ನುವ ಫೈಲ್‌ನಲ್ಲಿರುತ್ತದೆ. ಅಲ್ಲಿ ಪೋರ್ಟ್ (ಮೇಲ್ ಹೊರಡುವ ಬಾಗಿಲಿನ ನಂಬರ್) 25 ಅಂತ ಇದ್ದರೆ ಮನೆ, ಅಂಗಡಿಯ ಇಂಟರ್‌ನೆಟ್‌ನಲ್ಲಿ ಎಷ್ಟೋ ಕಡೆ ಅದನ್ನು ಮುಚ್ಚಿರುತ್ತಾರೆ, 587 ಹಾಕಿ ನೋಡಿ. ಜೀಮೇಲ್ ಮೂಲಕ ಕಳಿಸುತ್ತಿದ್ದರೆ ನಿಮ್ಮ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. 2022ರ ಮೇ 30ರಿಂದ ಗೂಗಲ್ ಅದನ್ನು ನಿಲ್ಲಿಸಿದೆ. ಎರಡು ಹಂತದ ಲಾಗಿನ್ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನು ಹಾಕಬೇಕು. ಒಂದು ವಾರ ಹೋಗಿ ನಿಂತಿತು ಅಂದರಲ್ಲ, ನೀವು ನಡುವೆ ಗೂಗಲ್ ಪಾಸ್‌ವರ್ಡ್ ಬದಲಾಯಿಸಿದಿರಾ? ಬದಲಾಯಿಸಿದರೆ ಹಳೆಯ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತದೆ. ನನ್ನ ಮೊದಲ ಸಂಶಯ ಇದೇ.

ಕೊನೆಗೆ ಕಳಿಸುವವರ ವಿಳಾಸ ನೋಡಿ. ಬದಲಾಯಿಸದೆ ಬಿಟ್ಟಿದ್ದರೆ ಅಲ್ಲಿ ರೆಡ್‌ಮೈನ್ ಅಟ್ ಎಕ್ಸಾಂಪಲ್ ಡಾಟ್ ನೆಟ್ ಅಂತಲೇ ಇರುತ್ತದೆ. ಅದು ನಿಮ್ಮದಲ್ಲದ ವಿಳಾಸ. ಬೇರೆಯವರ ಲೆಟರ್‌ಹೆಡ್‌ನಲ್ಲಿ ಕಾಗದ ಬರೆದರೆ ಯಾರು ನಂಬುತ್ತಾರೆ? ಪಡೆಯುವ ಸರ್ವರ್ ಎಸ್‌ಪಿಎಫ್, ಡಿಕಿಮ್ ಅನ್ನುವ ಎರಡು ಗುರುತು ನೋಡುತ್ತದೆ. ಈ ಡೊಮೈನ್ (ವಿಳಾಸದಲ್ಲಿ ಅಟ್ ಆದಮೇಲಿನ ಭಾಗ) ಹೆಸರಲ್ಲಿ ಕಳಿಸಲು ಈ ಸರ್ವರ್‌ಗೆ ಅಪ್ಪಣೆ ಇದೆಯಾ ಅನ್ನುವುದು ಮೊದಲನೆಯದು, ಆ ಡೊಮೈನ್‌ನವರ ಸಹಿ ಇದೆಯಾ ಅನ್ನುವುದು ಎರಡನೆಯದು. 2024ರ ಫೆಬ್ರವರಿಯಿಂದ ಜೀಮೇಲ್ ಖಾತೆಗಳಿಗೆ ಕಳಿಸುವ ಎಲ್ಲರಿಗೂ ಎರಡರಲ್ಲಿ ಒಂದಾದರೂ ಇರಲೇಬೇಕು ಅಂತ ಗೂಗಲ್ ಬಿಗಿ ಮಾಡಿದೆ. ದಿನಕ್ಕೆ 5000 ದಾಟಿ ಕಳಿಸುವವರಿಗೆ ಎರಡೂ ಬೇಕು. ನಿಮ್ಮ ಅಂಗಡಿಗೆ ದಿನಕ್ಕೆ ಐದು ಸಾವಿರ ಪಲ್ಪರ್ ಬರುವ ಕಾಲ ಬಂದಾಗ ಇನ್ನೊಂದು ಪತ್ರ ಬರೆಯಿರಿ.

ಪ್ರಶ್ನೆ: ನಾನು ಟಿಕೆಟ್ ಕ್ಲೋಸ್ ಮಾಡಿದೆ, ನನಗೆ ಮೇಲ್ ಬರಲಿಲ್ಲ. ಸೇವ್ ಆಗಿದೆಯೋ ಇಲ್ಲವೋ ಅಂತ ಮೂರು ಸಲ ಕ್ಲೋಸ್ ಮಾಡಿದೆ. (ವಿರಾಜಪೇಟೆಯ ಓದುಗರು)

ಉತ್ತರ: ಮೊದಲ ಸಲವೇ ಆಗಿದೆ. ಜಿರಾ ಮೊದಲಿನಿಂದಲೇ ನೀವು ಮಾಡಿದ್ದನ್ನು ನಿಮಗೆ ಹೇಳುವುದಿಲ್ಲ. ಬೇಕಿದ್ದರೆ ಪ್ರೊಫೈಲ್‌ನಲ್ಲಿ ಬದಲಾಯಿಸಬಹುದು, ರೆಡ್‌ಮೈನ್‌ನಲ್ಲೂ ಅಂಥದ್ದೊಂದು ಟಿಕ್ ಇದೆ. ಅಂದಹಾಗೆ ನೀವು ಮೂರು ಸಲ ತೆರೆದು ಮುಚ್ಚಿದ್ದು ನಿಮಗೆ ಕಾಣಲಿಲ್ಲ, ಬೇರೆಯವರ ಇನ್‌ಬಾಕ್ಸ್‌ನಲ್ಲಿ ಚೆನ್ನಾಗಿ ಕಂಡಿರುತ್ತದೆ.

ಪ್ರಶ್ನೆ: ಜುಲೈಯಲ್ಲಿ ನಮ್ಮಲ್ಲಿ ಒಂದೇ ದಿನ 7 ಇಂಚು 20 ಸೆಂಟ್ ಮಳೆ. ಮರ ಬಿದ್ದು ಮೂರು ದಿನ ಕರೆಂಟೂ ಇಲ್ಲ, ಟವರೂ ಇಲ್ಲ. ನಾಲ್ಕನೇ ದಿನ ಫೋನ್ ಆನ್ ಮಾಡಿದರೆ ಮೇಲ್‌ಗಳು ದಬದಬ ಬಿದ್ದವು. ಒಂದರಲ್ಲಿ ಟಿಕೆಟ್ ನನಗೆ ಅಸೈನ್ ಆಗಿದೆ ಅಂತಿದೆ, ಇನ್ನೊಂದರಲ್ಲಿ ಬೇರೆಯವರಿಗೆ, ಮತ್ತೊಂದರಲ್ಲಿ ಕ್ಲೋಸ್ ಆಗಿದೆ ಅಂತ. ಯಾವುದನ್ನು ನಂಬಲಿ? ಇಷ್ಟು ದಿನ ಆ ಮೇಲ್‌ಗಳು ಎಲ್ಲಿದ್ದವು? (ಶಾಂತಳ್ಳಿಯ ಓದುಗರು)

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಅವು ದಾರಿಯಲ್ಲಿ ಸಿಕ್ಕಿಬಿದ್ದಿರಲಿಲ್ಲ. ನಿಮ್ಮ ಮೇಲ್‌ಬಾಕ್ಸ್ ಇರುವುದು ದೂರದ ಯಾವುದೋ ಸರ್ವರ್‌ನಲ್ಲಿ, ಅಲ್ಲಿ ಮಳೆಯೂ ಇಲ್ಲ, ಕರೆಂಟೂ ಹೋಗಿಲ್ಲ. ಮೇಲ್‌ಗಳು ಸಮಯಕ್ಕೆ ಸರಿಯಾಗಿ ಅಲ್ಲಿಗೆ ಬಂದು ಕೂತಿದ್ದವು, ನಿಮ್ಮ ಫೋನ್ ಹೋಗಿ ತರಲಿಲ್ಲ ಅಷ್ಟೇ. ಸರ್ವರ್‌ನಿಂದ ಸರ್ವರ್‌ಗೆ ಹೋಗುವಾಗಲೇ ಆ ಕಡೆಯದು ಕೆಟ್ಟಿದ್ದರೆ ಮಾತ್ರ ಮೇಲ್ ನಿಜವಾಗಿ ಕಾಯುತ್ತದೆ. ಆಗಲೂ ಕಳಿಸುವ ಸರ್ವರ್ ಕೈಬಿಡುವುದಿಲ್ಲ, ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಎಸ್‌ಎಂಟಿಪಿಯ ನಿಯಮ ಬರೆದವರು ನಾಲ್ಕೈದು ದಿನವಾದರೂ ಪ್ರಯತ್ನಿಸಿ ಅಂತಲೇ ಹೇಳಿದ್ದಾರೆ. ಅಪರಿಚಿತ ಸರ್ವರ್‌ನಿಂದ ಬಂದ ಮೇಲ್‌ಗೆ 'ಈಗ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಾ' ಅನ್ನುವ ಸರ್ವರ್‌ಗಳೂ ಇವೆ, ಸ್ಪ್ಯಾಮ್ ಕಳಿಸುವವರು ಎರಡನೇ ಸಲ ಬರುವುದಿಲ್ಲ ಅನ್ನುವ ಲೆಕ್ಕ ಅದು. ಹಾಗಾದಾಗ ಹಿಂದಿನದು ಮುಂದೆ, ಮುಂದಿನದು ಹಿಂದೆ ಬರುವುದುಂಟು.

ಇನ್ನು ಯಾವುದನ್ನು ನಂಬುವುದು? ಯಾವುದನ್ನೂ ಬೇಡ. ಈ ಮೇಲ್‌ನಲ್ಲಿ ಇರುವುದು ಏನು ಬದಲಾಯಿತು ಅನ್ನುವುದು, ಈಗ ಏನಿದೆ ಅನ್ನುವುದಲ್ಲ. ಬಗ್‌ಝಿಲ್ಲಾ ಮೇಲ್ ನೋಡಿದರೆ ಅದು ಸ್ಪಷ್ಟವಾಗುತ್ತದೆ, ತೆಗೆದದ್ದು ಒಂದು ಕಾಲಂ, ಸೇರಿಸಿದ್ದು ಇನ್ನೊಂದು ಕಾಲಂ. ನಿನ್ನೆಯ ಮಳೆ ಲೆಕ್ಕ ನೋಡಿ ಇವತ್ತು ಕಾಫಿ ಒಣಗಲು ಹಾಕುತ್ತೀರಾ? ಕಣಕ್ಕೆ ಬಂದು ಆಕಾಶ ನೋಡುತ್ತೀರಲ್ವಾ. ಹಾಗೇ ಟ್ರ್ಯಾಕರ್ ತೆರೆದು ಟಿಕೆಟ್ ನೋಡಿ, ಈಗ ಅದು ಯಾರ ಹೆಸರಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅಂತ. ಮೂರು ದಿನದ ರಜೆ ಬಳಿಕ ನಾನಂತೂ ಮೇಲ್ ತೆರೆಯುವುದೇ ಇಲ್ಲ. 'ನನ್ನ ಹೆಸರಲ್ಲಿ ಇರುವವು, ಇನ್ನೂ ಮುಗಿಯದವು' ಅಂತ ಟ್ರ್ಯಾಕರ್‌ನಲ್ಲೇ ಹುಡುಕುತ್ತೇನೆ. ಮೇಲ್‌ಗಳನ್ನು ಆಮೇಲೆ ಕಥೆ ಓದಿದ ಹಾಗೆ ಓದಬಹುದು.

ಒಂದೇ ಟಿಕೆಟ್‌ನ ಮೇಲ್‌ಗಳು ಒಟ್ಟಿಗೆ ಸೇರಿಕೊಳ್ಳುವುದು ಹೇಗೆ ಅಂತಲೂ ನೀವು ಪತ್ರದ ಕೊನೆಗೆ ಕೇಳಿದ್ದೀರಿ. ಪ್ರತಿ ಮೇಲ್‌ಗೂ ಒಂದು ಗುರುತಿನ ನಂಬರ್ ಇರುತ್ತದೆ, ಆಮೇಲಿನ ಮೇಲ್‌ಗಳು 'ನಾನು ಅದರ ಮುಂದುವರಿಕೆ' ಅಂತ ಆ ನಂಬರನ್ನು ಹೆಡರ್‌ನಲ್ಲಿ ಹೇಳಿಕೊಳ್ಳುತ್ತವೆ. ಜೀಮೇಲ್ ಇದರ ಜೊತೆಗೆ ಸಬ್ಜೆಕ್ಟನ್ನೂ ನೋಡುತ್ತದೆ. ಹಾಗಾಗಿ ಯಾರಾದರೂ ಟಿಕೆಟ್‌ನ ಹೆಸರು ತಿದ್ದಿದರೆ ಸರಮಾಲೆ ತುಂಡಾಗುತ್ತದೆ. ನೂರು ಮೇಲ್ ದಾಟಿದರೂ ಅಷ್ಟೇ, ಹೊಸ ಮಾಲೆ ಶುರು.

ಪ್ರಶ್ನೆ: ಪುತ್ತರಿ ಸುಗ್ಗಿ ಹಬ್ಬಕ್ಕೆ ನಾನು, ನನ್ನ ಸಹೋದ್ಯೋಗಿ ಇಬ್ಬರೂ ರಜೆ ಹಾಕಿದ್ದೆವು, ಅವರೂ ನಮ್ಮ ಕಡೆಯವರೇ. 'ರಜೆಯಲ್ಲಿದ್ದೇನೆ, ಸೋಮವಾರ ಬರುತ್ತೇನೆ' ಅಂತ ಆಟೋ ರಿಪ್ಲೈ ಇಟ್ಟು ಬಂದೆವು. ವಾಪಸ್ ಹೋದರೆ ಒಂದು ಟಿಕೆಟ್‌ನಲ್ಲಿ ನಮ್ಮಿಬ್ಬರದೇ ಸಾವಿರಕ್ಕೂ ಮಿಕ್ಕಿ ಕಮೆಂಟ್! ಎಲ್ಲದರಲ್ಲೂ ಅದೇ ಸಾಲು. (ಪೊನ್ನಂಪೇಟೆಯ ಓದುಗರು)

ಉತ್ತರ: ಓದಿ ಬಹಳ ನಕ್ಕೆ, ಕ್ಷಮಿಸಿ. ಆದದ್ದು ಇಷ್ಟು. ಟ್ರ್ಯಾಕರ್‌ನಿಂದ ನಿಮಗೊಂದು ಮೇಲ್ ಬಂತು. ನಿಮ್ಮ ಆಟೋ ರಿಪ್ಲೈ ಅದಕ್ಕೆ ಉತ್ತರ ಕೊಟ್ಟಿತು. ಮೇಲ್‌ನಲ್ಲಿ ಬಂದ ಉತ್ತರವನ್ನು ಕಮೆಂಟ್ ಮಾಡಿಕೊಳ್ಳುವುದು ಆ ಟ್ರ್ಯಾಕರ್‌ನ ಅಭ್ಯಾಸ, ಮಾಡಿಕೊಂಡಿತು. ಹೊಸ ಕಮೆಂಟ್ ಬಂತಲ್ಲ, ವಾಚರ್ ಆಗಿದ್ದ ನಿಮ್ಮ ಸಹೋದ್ಯೋಗಿಗೆ ಮೇಲ್ ಹಾಕಿತು. ಅವರ ಆಟೋ ರಿಪ್ಲೈ ಉತ್ತರ ಕೊಟ್ಟಿತು, ಅದೂ ಕಮೆಂಟ್ ಆಯಿತು, ಮೇಲ್ ನಿಮಗೆ ಬಂತು. ನೀವಿಬ್ಬರೂ ಊರಲ್ಲಿ ಕದಿರು ತೆಗೆಯುತ್ತಿದ್ದಾಗ ನಿಮ್ಮ ಮೇಲ್‌ಬಾಕ್ಸ್‌ಗಳು ಅಲ್ಲಿ ಹರಟುತ್ತಿದ್ದವು. ಒಬ್ಬರೇ ರಜೆಯಲ್ಲಿದ್ದಿದ್ದರೆ ಇದು ಒಂದೇ ಕಮೆಂಟ್‌ಗೆ ನಿಲ್ಲುತ್ತಿತ್ತು, ಯಾಕೆಂದರೆ ಬರೆದವನಿಗೆ ಅವನದೇ ಕಮೆಂಟ್‌ನ ಮೇಲ್ ಹೋಗುವುದಿಲ್ಲ.

ಇದು ಹಳೆಯ ರೋಗ, ಮದ್ದೂ ಹಳೆಯದೇ. 2004ರಲ್ಲಿ ಬಂದ ಆರ್‌ಎಫ್‌ಸಿ 3834 ಅನ್ನುವ ನಿಯಮದ ಪ್ರಕಾರ ಯಂತ್ರ ತಾನಾಗಿ ಕಳಿಸುವ ಮೇಲ್‌ನಲ್ಲಿ 'ಆಟೋ-ಸಬ್‌ಮಿಟೆಡ್' ಅನ್ನುವ ಹೆಡರ್ ಇರಬೇಕು, ಅದನ್ನು ಕಂಡ ಇನ್ನೊಂದು ಯಂತ್ರ ಉತ್ತರ ಕೊಡಬಾರದು. ರೆಡ್‌ಮೈನ್ ಎರಡನ್ನೂ ಪಾಲಿಸುತ್ತದೆ. ತನ್ನ ಮೇಲ್‌ಗೆ ಆ ಗುರುತು ಹಾಕುತ್ತದೆ, ಆ ಗುರುತು ಹೊತ್ತು ಬಂದ ಉತ್ತರವನ್ನು ಕಸಕ್ಕೆ ಹಾಕುತ್ತದೆ. ಒಬ್ಬರಿಗೇ ಪದೇ ಪದೇ ಉತ್ತರಿಸದಿರುವುದು ಇನ್ನೊಂದು ಶಿಸ್ತು, ಜೀಮೇಲ್‌ನ ರಜೆ ಉತ್ತರ ಒಬ್ಬರಿಗೆ 4 ದಿನಕ್ಕೊಮ್ಮೆ ಮಾತ್ರ ಹೋಗುತ್ತದೆ. ನಿಮ್ಮ ಆಫೀಸಿನಲ್ಲಿ ಟ್ರ್ಯಾಕರ್ ಆಗಲಿ, ಮೇಲ್ ಸರ್ವರ್ ಆಗಲಿ, ಇದನ್ನೆಲ್ಲ ಸರಿಯಾಗಿ ಪಾಲಿಸಿಲ್ಲ ಅನ್ನಿಸುತ್ತದೆ. ಅಡ್ಮಿನ್‌ಗೆ ಆ ಹೆಡರ್‌ನ ಹೆಸರು ಬರೆದು ಕೊಡಿ. ಅವರು ಸರಿಮಾಡುವವರೆಗೆ ಆಟೋ ರಿಪ್ಲೈ ಆಫೀಸಿನ ಒಳಗಿನ ಮನುಷ್ಯರಿಗೆ ಮಾತ್ರ ಹೋಗುವಂತೆ ಇಡಿ, ಅಥವಾ ಟ್ರ್ಯಾಕರ್‌ನ ವಿಳಾಸವನ್ನು ಅದರಿಂದ ಹೊರಗಿಡಿ.

ಪ್ರಶ್ನೆ: ಗಿಟ್‌ಹಬ್‌ನಿಂದ ಬಂದ ಮೇಲ್‌ಗೆ ರಿಪ್ಲೈ ಮಾಡಿದರೆ ನನ್ನ ಫೋನ್ ನಂಬರ್ ಇರುವ ಸಹಿಯೂ ಸೇರಿ ಎಲ್ಲರಿಗೂ ಕಾಣುವ ಹಾಗೆ ಕಮೆಂಟ್ ಆಯಿತು. ಇದು ಸರಿಯೇ? (ಮಡಿಕೇರಿಯ ಓದುಗರು)

ಉತ್ತರ: ಸರಿಯೋ ತಪ್ಪೋ, ಅದು ಹಾಗೇ. ತಕ್ಷಣ ಗಿಟ್‌ಹಬ್‌ಗೆ ಹೋಗಿ ಆ ಕಮೆಂಟ್ ತಿದ್ದಿ ನಂಬರ್ ತೆಗೆಯಿರಿ. ತಿದ್ದಿದರೂ ಅದರ ಮೇಲ್ ಆಗಲೇ ಹೋಗಿರುತ್ತದೆ, ಅದನ್ನು ವಾಪಸ್ ಕರೆಯಲಾಗುವುದಿಲ್ಲ. ಕೋಪದಲ್ಲಿ ಏನೋ ಬರೆದು ಆಮೇಲೆ ಅಳಿಸುವವರು ಇದನ್ನು ನೆನಪಿಡಬೇಕು. ಟಿಕೆಟ್‌ನಿಂದ ಅಳಿಸಬಹುದು, ಇಪ್ಪತ್ತು ಜನರ ಇನ್‌ಬಾಕ್ಸ್‌ನಿಂದ ಅಳಿಸಲಾಗದು.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ, ಕೇಳಿ. ನೀವು ರಿಪ್ಲೈ ಒತ್ತಿದಾಗ ಬರುವ ವಿಳಾಸದಲ್ಲಿ ಅರ್ಥವಿಲ್ಲದ ಉದ್ದನೆಯ ಅಕ್ಷರಗಳ ಸಾಲು ಕಾಣುತ್ತದೆ. ಇದು ಯಾವ ಟಿಕೆಟ್, ಉತ್ತರಿಸುತ್ತಿರುವವರು ಯಾರು ಅನ್ನುವುದು ಅದರಲ್ಲಿ ಅಡಗಿದೆ. ಅಂದರೆ ಅದು ಒಂಥರಾ ಕೀಲಿಕೈ. ಆ ಮೇಲನ್ನು ನೀವು ಹಾಗೇ ಬೇರೆಯವರಿಗೆ ಫಾರ್ವರ್ಡ್ ಮಾಡಿದರೆ ಕೀಲಿಯೂ ಅವರ ಕೈ ಸೇರಬಹುದು. ಗಿಟ್‌ಹಬ್ ತರಹದ್ದೇ ಆದ ಗಿಟ್‌ಲ್ಯಾಬ್‌ನಲ್ಲಿ ಮೇಲ್ ಹಾಕಿ ಹೊಸ ಇಶ್ಯೂ ತೆರೆಯಲು ಪ್ರತಿಯೊಬ್ಬರಿಗೂ ಒಂದು ಖಾಸಗಿ ವಿಳಾಸ ಕೊಡುತ್ತಾರೆ. ಅದು ಗೊತ್ತಾದವರು ನಿಮ್ಮ ಹೆಸರಲ್ಲೇ ಇಶ್ಯೂ ಹಾಕಬಹುದು, ಯಾರಿಗೂ ಕೊಡಬೇಡಿ ಅಂತ ಅವರೇ ಎಚ್ಚರಿಸುತ್ತಾರೆ. ಯಾರಿಗಾದರೂ ತೋರಿಸಬೇಕಾದರೆ ಟಿಕೆಟ್‌ನ ಲಿಂಕ್ ಕಳಿಸಿ, ನೋಡುವ ಹಕ್ಕಿದ್ದರೆ ಅವರಿಗೆ ತೆರೆಯುತ್ತದೆ.

ಮೇಲ್ ಮೂಲಕವೇ ಎಲ್ಲವನ್ನೂ ನಡೆಸುವ ಟ್ರ್ಯಾಕರೂ ಇದೆ, ಡೆಬಿಯನ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಮಾಡುವವರದ್ದು. ಬಗ್‌ನ ನಂಬರೇ ವಿಳಾಸ. ನಂಬರ್ ಆದಮೇಲೆ ಒಂದು ಗೆರೆ ಹಾಕಿ 'ಡನ್' ಅಂತ ಸೇರಿಸಿ ಮೇಲ್ ಹಾಕಿದರೆ ಬಗ್ ಕ್ಲೋಸ್. ನನಗೆ ಅದು ಬಹಳ ಇಷ್ಟ. ಬ್ರೌಸರ್ ತೆರೆಯದಷ್ಟು ನಿಧಾನ ನೆಟ್‌ವರ್ಕ್‌ನಲ್ಲೂ ಕೆಲಸ ನಡೆಯುತ್ತದೆ.

ಪ್ರಶ್ನೆ: ಮೇಲ್ ಬಿಟ್ಟು ಎಲ್ಲವನ್ನೂ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಒಳ್ಳೆಯದಲ್ವಾ? (ಸಿದ್ದಾಪುರದ ಓದುಗರು)

ಉತ್ತರ: ನಿಮ್ಮ ಕಡೆ ಆನೆ ಬಂದ ಸುದ್ದಿಗೆ ಗ್ರೂಪ್ ಇರುತ್ತದಲ್ಲ, ಅದರಲ್ಲಿ ಯಾರಾದರೂ ಗುಡ್ ಮಾರ್ನಿಂಗ್ ಹಾಕಲು ಶುರು ಮಾಡಿದರೆ ಏನಾಗುತ್ತದೆ? ಜನ ಗ್ರೂಪನ್ನೇ ಮ್ಯೂಟ್ ಮಾಡುತ್ತಾರೆ, ಆನೆ ಬಂದಾಗಲೂ ಗೊತ್ತಾಗುವುದಿಲ್ಲ. ಟಿಕೆಟ್‌ನ ಪ್ರತಿ ಕಮೆಂಟನ್ನು ಗ್ರೂಪಿಗೆ ಸುರಿದರೂ ಅದೇ ಗತಿ. ಮೇಲ್‌ನಲ್ಲಾದರೆ ಒಬ್ಬೊಬ್ಬರಿಗೆ ಅವರವರ ನಂಟಿನ ಲೆಕ್ಕದಲ್ಲಿ ಹೋಗುತ್ತದೆ, ಗ್ರೂಪಿಗೆ ಆ ಲೆಕ್ಕ ಇಲ್ಲ. ಅತಿ ತುರ್ತಿನದ್ದು ಮಾತ್ರ ಗ್ರೂಪಿಗೆ, ಉಳಿದದ್ದು ಮೇಲ್‌ಗೆ.

ಪ್ರಶ್ನೆ: ನನಗೆ ಕಂಪ್ಯೂಟರ್ ತಿಳಿಯದು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ರಜೆಗೆ ಬಂದರೂ ಊಟಕ್ಕೆ ಕೂತಾಗ ಫೋನ್ ಟಿಂಗ್ ಅಂದರೆ ಸಾಕು, ಕೈ ತೊಳೆಯದೆ ಎದ್ದು ನೋಡುತ್ತಾನೆ. 'ಟಿಕೆಟ್ ಅಮ್ಮಾ' ಅನ್ನುತ್ತಾನೆ. ರಾತ್ರಿಯೂ ಹೀಗೇ. ಇದಕ್ಕೆ ಏನಾದರೂ ಉಪಾಯ ಇದೆಯಾ? (ಸುಂಟಿಕೊಪ್ಪದ ತಾಯಿಯೊಬ್ಬರು)

ಉತ್ತರ: ಇದೆ ಅಮ್ಮಾ. ನಮ್ಮ ಕಡೆ ಹಿಂದೆ ಗುಂಡಿನ ಸದ್ದು ಕೇಳಿಯೇ ಸುದ್ದಿ ತಿಳಿಯುತ್ತಿದ್ದರು, ನಿಮಗೆ ನೆನಪಿರಬೇಕು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ದೂರದ ಗದ್ದೆಯಲ್ಲಿದ್ದವರೂ ಎಣಿಸಿ ನೋಡಿ ಓಡಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಿದ್ದರು. ನಿಮ್ಮ ಮಗನ ಫೋನಿನಲ್ಲಿ ಎಲ್ಲದಕ್ಕೂ ಒಂದೇ ಟಿಂಗ್. ಯಾರೋ ಟಿಕೆಟ್‌ನಲ್ಲಿ 'ಥ್ಯಾಂಕ್ಸ್' ಅಂತ ಬರೆದರೂ ಟಿಂಗ್, ಗಿರಾಕಿಗಳ ಸರ್ವರ್ ಬಿದ್ದರೂ ಟಿಂಗ್. ಎದ್ದು ನೋಡದೆ ಅವನಿಗೆ ತಿಳಿಯುವುದಾದರೂ ಹೇಗೆ ಪಾಪ. ಹಾಗಾಗಿ ತಪ್ಪು ಪೂರ್ತಿ ಅವನದ್ದಲ್ಲ.

ಈಗ ಅವನನ್ನು ಕೂರಿಸಿ ಇದನ್ನು ಓದಿಸಿ. ಮಗರಾಯ, ಮೇಲ್ ಅನ್ನುವುದು ತುರ್ತು ಕರೆ ಅಲ್ಲ. ನಿಮ್ಮ ಕಂಪನಿಯಲ್ಲಿ ಆನ್-ಕಾಲ್ ಸರದಿ (ಹೊತ್ತಲ್ಲದ ಹೊತ್ತಿನಲ್ಲೂ ಕರೆಗೆ ಸಿಗಬೇಕಾದ ಪಾಳಿ) ಇದ್ದರೆ ನಿಜವಾದ ಅವಘಡಕ್ಕೆ ಫೋನ್ ಕರೆಯೇ ಬರುವ ಬೇರೆ ವ್ಯವಸ್ಥೆ ಇಟ್ಟಿರುತ್ತಾರೆ, ಇಲ್ಲದಿದ್ದರೆ ಇಡಿ ಅಂತ ನೀನೇ ಕೇಳು. ಆ ಒಂದು ನಂಬರ್‌ಗೆ ಬೇರೆ ರಿಂಗ್‌ಟೋನ್ ಹಾಕು, ಡು ನಾಟ್ ಡಿಸ್ಟರ್ಬ್ ಇದ್ದಾಗಲೂ ಅದು ಮಾತ್ರ ಸದ್ದು ಮಾಡುವಂತೆ ಬಿಡು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೇಲ್‌ನ ಸದ್ದು ಪೂರ್ತಿ ತೆಗೆ. ಜೀಮೇಲ್ ಆದರೆ ಒಂದೊಂದು ಲೇಬಲ್‌ಗೆ ಬೇರೆ ಬೇರೆ ನೋಟಿಫಿಕೇಶನ್ ಇಡಬಹುದು. ನಿನಗೆ ಅಸೈನ್ ಆದ ಟಿಕೆಟ್‌ಗೆ ಒಂದು ಲೇಬಲ್ ಮಾಡಿ ಅದಕ್ಕೆ ಮಾತ್ರ ಸದ್ದು ಕೊಟ್ಟರೂ ಆಯಿತು, ಅದೂ ರಜೆ ಇಲ್ಲದ ದಿನ.

ತಟ್ಟೆಯಲ್ಲಿರುವ ಅಕ್ಕಿಯ ಕಡಂಬುಟ್ಟು ಆರುವುದರೊಳಗೆ ಇಷ್ಟೂ ಮಾಡಿ ಮುಗಿಸಬಹುದು. ಮುಗಿಯದಿದ್ದರೆ ಊಟ ಮಾಡಿ, ಕೈ ತೊಳೆದುಕೊಂಡು ಮಾಡಲಿ.